ಬೂದು ಬೆಳಕಿನ ದಾಖಲೆ: ಪೂರ್ವ ಇಂಗ್ಲೆಂಡಿನ ಕರಾವಳಿಯಲ್ಲಿ ಹವ್ಯಾಸಿ ಛಾಯಾಗ್ರಹಣ (೧೮೮೨–೧೯೧೯)

ಇತಿಹಾಸದ ಆಕರಗಳನ್ನು ಎಣಿಸುವಾಗ ನಾವು ಶಾಸನ, ನಾಣ್ಯ, ಕಡತ, ಪ್ರವಾಸಕಥನಗಳನ್ನು ಮೊದಲು ಹೆಸರಿಸುತ್ತೇವೆ. ಛಾಯಾಚಿತ್ರಕ್ಕೆ ಆ ಸಾಲಿನಲ್ಲಿ ದೊರೆಯುವ ಸ್ಥಾನ ಕಡೆಯದು. ಪುಸ್ತಕದ ಪುಟಕ್ಕೆ ಅಲಂಕಾರವಾಗಿ ಅದು ಬರುತ್ತದೆಯೇ ಹೊರತು, ಪ್ರಶ್ನಿಸಿ ಉತ್ತರ ಪಡೆಯಬೇಕಾದ ಸಾಕ್ಷಿಯಾಗಿ ಬರುವುದು ವಿರಳ. ಅದರಲ್ಲಿಯೂ ಹಣದ ಆಸೆಯಿಲ್ಲದೆ, ತಮ್ಮ ಸುತ್ತಮುತ್ತಲಿನ ನೋಟಗಳನ್ನು ತಮ್ಮ ಸಂತೋಷಕ್ಕಾಗಿ ಹಿಡಿದಿಟ್ಟ ಹವ್ಯಾಸಿಗಳ ಚಿತ್ರಗಳನ್ನು ವಿದ್ವಾಂಸರು ಬಹುಕಾಲ ಉಪೇಕ್ಷಿಸಿದರು. ಈ ಉಪೇಕ್ಷೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಸೀಮಿತ ಪ್ರದೇಶವನ್ನು ಆಧರಿಸಿ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಯ್ದುಕೊಂಡಿರುವ ಪ್ರದೇಶ ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಮತ್ತು ಸಫೋಕ್ ಪ್ರಾಂತಗಳು. ಆಯ್ದುಕೊಂಡಿರುವ ಋತು ಅಲ್ಲಿಯ ಚಳಿಗಾಲ. ಋತುವನ್ನು ಹೀಗೆ ಪ್ರತ್ಯೇಕಿಸಲು ಕಾರಣವುಂಟು. ಬೆಳಕು ಕಡಿಮೆಯಾದಾಗ ಯಂತ್ರದ ಮಿತಿಯೂ ಮನುಷ್ಯನ ಉದ್ದೇಶವೂ ಒಟ್ಟಿಗೆ ಬಯಲಾಗುತ್ತವೆ.

೧. ಬೆಳಕಿನ ಅಭಾವ

ನಮ್ಮ ಕರಾವಳಿಯ ವಾಚಕರಿಗೆ ಚಳಿಗಾಲವೆಂದರೆ ತಿಳಿಯಾದ ಆಕಾಶದ ಕಾಲ. ಕಡಲೂ ಬಾನೂ ಒಂದೇ ಬೂದುಬಣ್ಣಕ್ಕೆ ತಿರುಗುವುದು ನಮ್ಮಲ್ಲಿ ಆಷಾಢ ಶ್ರಾವಣಗಳಲ್ಲಿ. ಉತ್ತರ ಸಮುದ್ರದ ತೀರದಲ್ಲಿ ಈ ಅನುಭವ ನವೆಂಬರಿನಿಂದ ಫೆಬ್ರವರಿಯವರೆಗೆ ಉಂಟಾಗುತ್ತದೆ. ಮಳೆಗಾಲದ ಮೋಡದ ಜೊತೆಗೆ ಅಲ್ಲಿ ಸೂರ್ಯನ ದೌರ್ಬಲ್ಯವೂ ಸೇರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಡಿಸೆಂಬರ್ ತಿಂಗಳ ಅತಿ ಕಿರಿಯ ಹಗಲಿನ ನಡುಮಧ್ಯಾಹ್ನ ಸೂರ್ಯನು ದಿಗಂತದಿಂದ ಸುಮಾರು ೫೪ ಅಂಶಗಳಷ್ಟು ಮೇಲಿರುತ್ತಾನೆ. ಅದೇ ದಿನ ನಾರ್ಫೋಕಿನಲ್ಲಿ ಅವನು ೧೪ ಅಂಶಗಳಷ್ಟು ಮಾತ್ರ ಏರುತ್ತಾನೆ. ಹಗಲಿನ ಅವಧಿ ಎಂಟು ಗಂಟೆಗಳಿಗಿಂತ ಕಡಿಮೆ. ಓರೆಯಾಗಿ ಬೀಳುವ ಆ ಬೆಳಕು ದಟ್ಟವಾದ ಗಾಳಿಪದರವನ್ನೂ, ಅದರ ಕೆಳಗೆ ಹಾಸಿಕೊಂಡ ಮೋಡವನ್ನೂ ದಾಟಿ ನೆಲಕ್ಕೆ ಬರಬೇಕು.

ಇಂಥ ಬೆಳಕಿನಲ್ಲಿ ಹೊರಾಂಗಣ ಛಾಯಾಗ್ರಹಣವು ಹವ್ಯಾಸಿಯ ಕೈಗೆ ಎಟುಕುವಂತಾದದ್ದು ೧೮೮೦ರ ಹೊತ್ತಿಗೆ. ಫ್ರೆಡರಿಕ್ ಸ್ಕಾಟ್ ಆರ್ಚರನು ೧೮೫೧ರಲ್ಲಿ ಪ್ರಕಟಿಸಿದ ಆರ್ದ್ರ ಕೊಲೋಡಿಯನ್ ಕ್ರಮದಲ್ಲಿ ಗಾಜಿನ ಪ್ಲೇಟಿಗೆ ಸ್ಥಳದಲ್ಲಿಯೇ ಲೇಪ ಹಚ್ಚಿ, ಅದು ಒಣಗುವ ಮುನ್ನವೇ ಬೆಳಕಿಗೊಡ್ಡಿ, ಒಡನೆಯೇ ಸಂಸ್ಕರಿಸಬೇಕಾಗಿತ್ತು. ಕತ್ತಲೆಯ ಗುಡಾರವನ್ನೂ ರಾಸಾಯನಿಕಗಳ ಸೀಸೆಗಳನ್ನೂ ಹೊತ್ತು ಚಳಿಗಾಲದ ಜೌಗು ನೆಲದಲ್ಲಿ ನಡೆಯುವವನು ಅಪೂರ್ವ. ೧೮೭೧ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್ ಎಂಬ ವೈದ್ಯನು ಜೆಲಟಿನ್ ಲೇಪದ ಒಣ ಪ್ಲೇಟನ್ನು ಸೂಚಿಸಿದನು. ೧೮೭೮ರಲ್ಲಿ ಚಾರ್ಲ್ಸ್ ಬೆನೆಟ್ ಆ ಲೇಪವನ್ನು ಬಹುಹೊತ್ತು ಬೆಚ್ಚಗಿಟ್ಟು ಪಕ್ವಗೊಳಿಸಿದರೆ ಅದರ ಸಂವೇದನಶಕ್ತಿ ಬಹಳವಾಗಿ ಹೆಚ್ಚುವುದೆಂದು ತೋರಿಸಿದನು. ಅಂದಿನಿಂದ ಪ್ಲೇಟುಗಳನ್ನು ಅಂಗಡಿಯಲ್ಲಿ ಕೊಂಡು, ದಿನಗಟ್ಟಲೆ ಚೀಲದಲ್ಲಿಟ್ಟುಕೊಂಡು, ಮನೆಗೆ ಮರಳಿದ ಮೇಲೆ ಸಂಸ್ಕರಿಸುವುದು ಸಾಧ್ಯವಾಯಿತು.

ಆದರೂ ಒಂದು ತೊಡಕು ಉಳಿಯಿತು. ಆ ಕಾಲದ ಸಾಮಾನ್ಯ ಪ್ಲೇಟು ನೀಲಿ ಕಿರಣಗಳಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಕೆಂಪು ಅದರ ಪಾಲಿಗೆ ಕತ್ತಲೆಯೇ. ನೆಲದ ವಿವರಗಳು ಮೂಡುವಷ್ಟು ಹೊತ್ತು ಬೆಳಕಿಗೊಡ್ಡಿದರೆ ಆಕಾಶ ಬರಿದಾಗಿ ಬಿಳಿಚಿಕೊಳ್ಳುತ್ತಿತ್ತು. ಹರ್ಮನ್ ವಿಲ್ಹೆಲ್ಮ್ ಫೋಗೆಲನು ೧೮೭೩ರಲ್ಲಿ ಬಣ್ಣಗಳನ್ನು ಬೆರೆಸಿ ಹಸಿರು ಕಿರಣಕ್ಕೂ ಪ್ಲೇಟನ್ನು ಸ್ಪಂದಿಸುವಂತೆ ಮಾಡಿದನಾದರೂ, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟುಗಳು ಇಂಗ್ಲೆಂಡಿನ ಅಂಗಡಿಗೆ ಬಂದದ್ದು ೧೯೦೬ರಲ್ಲಿ. ಬರಿದಾದ ಆಕಾಶಕ್ಕೆ ಅಂದಿನವರು ಕಂಡುಕೊಂಡ ಪರಿಹಾರ ಸರಳವಾಗಿತ್ತು: ಬೇರೆ ಯಾವುದೋ ದಿನ, ಬೇರೆ ಯಾವುದೋ ಊರಿನಲ್ಲಿ ತೆಗೆದ ಮೋಡಗಳ ನೆಗೆಟಿವನ್ನು ಜೋಡಿಸಿ ಮುದ್ರಿಸುವುದು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೦ರ ದಶಕದಲ್ಲಿಯೇ ತನ್ನ ಕಡಲಿನ ಕೆಲವು ಚಿತ್ರಗಳಲ್ಲಿ ಈ ಉಪಾಯವನ್ನು ಬಳಸಿದ್ದನು. ಹೆನ್ರಿ ಪೀಚ್ ರಾಬಿನ್‌ಸನ್ ತನ್ನ ೧೮೬೯ರ ಗ್ರಂಥದಲ್ಲಿ ಹಲವು ನೆಗೆಟಿವುಗಳನ್ನು ಕೂಡಿಸಿ ಚಿತ್ರ ಕಟ್ಟುವುದನ್ನು ಕಲೆಯ ನ್ಯಾಯವಾದ ಮಾರ್ಗವೆಂದೇ ಪ್ರತಿಪಾದಿಸಿದನು. ಕಲೆಯ ದೃಷ್ಟಿಯಿಂದ ಇದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಇತಿಹಾಸಕಾರನಿಗೆ ಮಾತ್ರ ಇದು ಅಪಾಯದ ಸಂಗತಿ. ಜನವರಿಯ ತೀರದ ಮೇಲೆ ಜುಲೈ ತಿಂಗಳ ಮೋಡ ತೇಲುವ ಚಿತ್ರವು ಹವೆಯ ವಿಷಯದಲ್ಲಿ ಸುಳ್ಳುಸಾಕ್ಷಿ ನುಡಿಯುತ್ತದೆ. ಹೀಗಾಗಿ ಬೂದು ಆಕಾಶವನ್ನು ಬೂದಾಗಿಯೇ ಬಿಡಲು ಒಪ್ಪಿದವನು, ಅವನ ಉದ್ದೇಶ ಏನೇ ಇರಲಿ, ದಾಖಲೆಗೆ ಉಪಕಾರ ಮಾಡಿದನು.

ಎಷ್ಟು ಹೊತ್ತು ಬೆಳಕಿಗೊಡ್ಡಬೇಕು ಎಂಬ ಪ್ರಶ್ನೆಗೂ ಉತ್ತರ ದೊರೆತದ್ದು ಹವ್ಯಾಸಿಗಳಿಂದಲೇ. ವಿಡ್ನೆಸ್ ಊರಿನ ಕ್ಷಾರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ರಸಾಯನಜ್ಞ ಫರ್ಡಿನಾಂಡ್ ಹರ್ಟರ್ ಮತ್ತು ಎಂಜಿನಿಯರ್ ವೆರೋ ಡ್ರಿಫೀಲ್ಡ್ ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸಿದರು. ೧೮೮೮ರಲ್ಲಿ ಅವರು ‘ಆಕ್ಟಿನೋಗ್ರಾಫ್’ ಎಂಬ ಲೆಕ್ಕದ ಸಾಧನಕ್ಕೆ ಹಕ್ಕುಪತ್ರ ಪಡೆದರು. ಅದು ಒಂದು ಬಗೆಯ ಸ್ಲೈಡ್ ರೂಲ್. ಊರಿನ ಅಕ್ಷಾಂಶ, ವರ್ಷದ ದಿನ, ಹಗಲಿನ ಗಂಟೆ, ಪ್ಲೇಟಿನ ವೇಗ, ಮಸೂರದ ರಂಧ್ರ ಇವುಗಳ ಜೊತೆಗೆ ಹವೆಯು ಪ್ರಕಾಶಮಾನವೋ ಮಂಕೋ ಎಂಬುದನ್ನು ಹೊಂದಿಸಿದರೆ ಅವಧಿ ತಿಳಿಯುತ್ತಿತ್ತು. ಚಳಿಗಾಲದ ಮಂಕು ಬೆಳಕು ಇಲ್ಲಿ ಮೊದಲಬಾರಿಗೆ ಅಳತೆಗೆ ಸಿಕ್ಕ ವಸ್ತುವಾಯಿತು. ೧೮೯೦ರ ಮೇ ತಿಂಗಳಲ್ಲಿ ಇವರಿಬ್ಬರೂ ಪ್ರಕಟಿಸಿದ ಪ್ರಬಂಧವು ಬೆಳಕಿಗೂ ನೆಗೆಟಿವಿನ ಸಾಂದ್ರತೆಗೂ ಇರುವ ನಿಯತ ಸಂಬಂಧವನ್ನು ತೋರಿಸಿಕೊಟ್ಟಿತು. ಈ ಪ್ರಬಂಧವು ಒಬ್ಬ ಛಾಯಾಗ್ರಾಹಕನ ಬಾಳಿನಲ್ಲಿ ಎಬ್ಬಿಸಿದ ಬಿರುಗಾಳಿಯನ್ನು ಮುಂದೆ ಕಾಣಲಿದ್ದೇವೆ.

೨. ಎಮರ್ಸನನ ಚಳಿಗಾಲ

ಹವ್ಯಾಸಿ ಎಂಬ ಮಾತಿಗೆ ಅಂದಿನ ಇಂಗ್ಲೆಂಡಿನಲ್ಲಿ ಕೀಳು ಅರ್ಥವಿರಲಿಲ್ಲ. ಕೈಯಲ್ಲಿ ಹಣವೂ ಬಿಡುವೂ ಉಳ್ಳವನು, ಗಿರಾಕಿಯ ಮುಖ ನೋಡದೆ ತನ್ನ ಅಭಿರುಚಿಯಂತೆ ನಡೆಯಬಲ್ಲವನು ಎಂದೇ ಅರ್ಥ. ಅವರಿಗಾಗಿ ೧೮೮೪ರಲ್ಲಿ ‘ದಿ ಅಮೆಚೂರ್ ಫೋಟೋಗ್ರಾಫರ್’ ಎಂಬ ವಾರಪತ್ರಿಕೆ ಹುಟ್ಟಿತು. ೧೮೮೫ರಲ್ಲಿ ಲಂಡನ್ನಿನ ಕ್ಯಾಮೆರಾ ಕ್ಲಬ್ ಸ್ಥಾಪಿತವಾಯಿತು. ಆ ಪತ್ರಿಕೆಯು ೧೮೮೭ರಲ್ಲಿ ನಡೆಸಿದ ಸ್ಪರ್ಧೆಯೊಂದರ ವಿಷಯ ರಜಾದಿನಗಳ ಚಿತ್ರಗಳು. ಇದು ಸೂಚಕವಾದ ಸಂಗತಿ. ಬಹುಮಂದಿ ಹವ್ಯಾಸಿಗಳ ಪಾಲಿಗೆ ಕ್ಯಾಮೆರಾ ಬೇಸಗೆಯ ವಿಹಾರದ ಸಂಗಾತಿ. ಚಳಿಗಾಲದಲ್ಲಿ ಕಡಲತಡಿಗೆ ಹೋಗುವವನಿಗೆ ಬೇರೆಯೇ ಕಾರಣ ಬೇಕಾಗಿತ್ತು.

ಆ ಸ್ಪರ್ಧೆಯ ತೀರ್ಪುಗಾರನಾಗಿದ್ದ ಪೀಟರ್ ಹೆನ್ರಿ ಎಮರ್ಸನನಲ್ಲಿ ಅಂಥ ಕಾರಣವಿದ್ದಿತು. ೧೮೫೬ರಲ್ಲಿ ಕ್ಯೂಬಾದಲ್ಲಿ ಅಮೆರಿಕನ್ ತಂದೆಗೂ ಇಂಗ್ಲಿಷ್ ತಾಯಿಗೂ ಹುಟ್ಟಿದ ಈತನು ಇಂಗ್ಲೆಂಡಿಗೆ ಬಂದು ಲಂಡನ್ನಿನಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ವೈದ್ಯಶಾಸ್ತ್ರವನ್ನು ಓದಿದನು. ೧೮೮೨ರ ಸುಮಾರಿಗೆ ಕ್ಯಾಮೆರಾ ಹಿಡಿದವನು, ಕೆಲವೇ ವರ್ಷಗಳಲ್ಲಿ ವೈದ್ಯವೃತ್ತಿಯನ್ನೇ ಕೈಬಿಟ್ಟನು. ಚಿತ್ರಕಾರ ಗುಡಾಲನ ಜೊತೆಗೂಡಿ ೧೮೮೬ರಲ್ಲಿ ಆತನು ಹೊರತಂದ ‘ಲೈಫ್ ಅಂಡ್ ಲ್ಯಾಂಡ್‌ಸ್ಕೇಪ್ ಆನ್ ದಿ ನಾರ್ಫೋಕ್ ಬ್ರಾಡ್ಸ್’ ಎಂಬ ಗ್ರಂಥದಲ್ಲಿ ನಲವತ್ತು ಪ್ಲಾಟಿನಂ ಮುದ್ರಿಕೆಗಳಿದ್ದವು. ಬ್ರಾಡ್ಸ್ ಎಂದರೆ ನಾರ್ಫೋಕಿನ ನದಿಗಳಿಗೆ ಹೊಂದಿಕೊಂಡ ಅಗಲವಾದ, ಆಳವಿಲ್ಲದ ಕೆರೆಗಳು. ಪ್ಲಾಟಿನಂ ಮುದ್ರಿಕೆಯನ್ನು ಆತನು ಬಯಸಿದ್ದು ಸಕಾರಣವಾಗಿತ್ತು: ಕಪ್ಪು ಬಿಳುಪುಗಳ ನಡುವಿನ ಬೂದು ಛಾಯೆಗಳನ್ನು ಅಷ್ಟು ಸೂಕ್ಷ್ಮವಾಗಿ ತೋರುವ, ಅಷ್ಟು ಬಾಳಿಕೆಯ ಕ್ರಮ ಅಂದು ಬೇರೊಂದಿರಲಿಲ್ಲ.

೧೮೮೯ರಲ್ಲಿ ಎಮರ್ಸನನು ತನ್ನ ಸಿದ್ಧಾಂತವನ್ನು ‘ನ್ಯಾಚುರಲಿಸ್ಟಿಕ್ ಫೋಟೋಗ್ರಫಿ’ ಎಂಬ ಗ್ರಂಥದಲ್ಲಿ ಮಂಡಿಸಿದನು. ಕಣ್ಣಿನ ಕ್ರಿಯೆಯನ್ನು ಕುರಿತು ಹೆಲ್ಮ್‌ಹೋಲ್ಟ್ಸ್ ನಡೆಸಿದ್ದ ಸಂಶೋಧನೆ ಅದಕ್ಕೆ ಆಧಾರ. ನಮ್ಮ ಕಣ್ಣು ನೋಟದ ನಡುವಣ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಅಂಚಿನವು ಮೃದುವಾಗಿರುತ್ತವೆ. ಚಿತ್ರವೂ ಹಾಗೆಯೇ ಇರಬೇಕು ಎಂಬುದು ಆತನ ವಾದ. ನೆಗೆಟಿವನ್ನು ತಿದ್ದುವುದನ್ನೂ, ಹಲವನ್ನು ಕೂಡಿಸಿ ಮುದ್ರಿಸುವುದನ್ನೂ ಆತನು ತೀವ್ರವಾಗಿ ಖಂಡಿಸಿದನು. ಮಂಜೂ ಮಬ್ಬೂ ಈ ಸಿದ್ಧಾಂತಕ್ಕೆ ಸಹಜವಾಗಿಯೇ ಒಗ್ಗುತ್ತವೆ. ಮಸೂರವನ್ನು ಸಡಿಲಿಸಿ ಪಡೆಯಬೇಕಾದ ಮೃದುತ್ವವನ್ನು ಅಲ್ಲಿ ಪ್ರಕೃತಿಯೇ ಒದಗಿಸುತ್ತದೆ.

೧೮೯೦ರ ಶರತ್ಕಾಲದಲ್ಲಿ ಎಮರ್ಸನನು ‘ಮೇಡ್ ಆಫ್ ದಿ ಮಿಸ್ಟ್’ ಎಂಬ ದೋಣಿಯಲ್ಲಿ ವಾಸಕ್ಕೆ ತೊಡಗಿದನು. ಅದು ‘ವೆರಿ’ ಎಂಬ ಜಾತಿಯದು, ಅಂದರೆ ಒಂದೇ ದೊಡ್ಡ ಹಾಯಿಯುಳ್ಳ, ನಾರ್ಫೋಕಿನ ನದಿಗಳಿಗೆ ವಿಶಿಷ್ಟವಾದ ಸರಕುದೋಣಿಯ ಮಾದರಿಯದು. ಮುಂದೆ ಬಂದ ಚಳಿಗಾಲ ಹವಾಮಾನದ ಇತಿಹಾಸದಲ್ಲಿಯೇ ಪ್ರಸಿದ್ಧವಾದದ್ದು. ೧೬೫೯ರಿಂದ ನಡೆದುಬಂದಿರುವ ಮಧ್ಯ ಇಂಗ್ಲೆಂಡಿನ ಉಷ್ಣಮಾನ ದಾಖಲೆಯಲ್ಲಿ ೧೮೯೦ರ ಡಿಸೆಂಬರಿಗಿಂತ ಶೀತಲವಾದ ಡಿಸೆಂಬರ್ ಇನ್ನೊಂದಿಲ್ಲ. ಅದರ ಸರಾಸರಿ ಸೊನ್ನೆಗಿಂತ ೦.೮ ಸೆಲ್ಸಿಯಸ್ ಅಂಶ ಕೆಳಗೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಆ ತಿಂಗಳೆಲ್ಲ ಒಂದು ಗಂಟೆಯ ಬಿಸಿಲೂ ದಾಖಲಾಗಲಿಲ್ಲ. ಇಂಥ ಕಾಲದಲ್ಲಿ, ಹೆಪ್ಪುಗಟ್ಟಿದ ನೀರಿನ ನಡುವೆ, ಎಮರ್ಸನನು ಕೆಲಸ ಮಾಡಿದನು. ಈ ಪ್ರವಾಸದ ಕಥನ ೧೮೯೩ರಲ್ಲಿ ‘ಆನ್ ಇಂಗ್ಲಿಷ್ ಲಗೂನ್ಸ್’ ಎಂಬ ಹೆಸರಿನಲ್ಲಿ ಹೊರಬಂದಿತು. ಅದರ ಉಪಶೀರ್ಷಿಕೆಯಲ್ಲಿ ತನ್ನನ್ನೂ ತನ್ನ ಜೊತೆಗಾರನನ್ನೂ ಆತನು ಹವ್ಯಾಸಿ ವೆರಿ ನಾವಿಕರೆಂದು ಕರೆದುಕೊಂಡಿರುವುದು ಗಮನಾರ್ಹ.

ವಿಚಿತ್ರವೆಂದರೆ, ಅದೇ ಚಳಿಗಾಲದ ನಡುವೆಯೇ ಆತನು ತನ್ನ ಸಿದ್ಧಾಂತವನ್ನು ತಾನೇ ಹೂಳಿದನು. ೧೮೯೧ರ ಆದಿಯಲ್ಲಿ ಕಪ್ಪು ಅಂಚಿನ ಕಿರುಹೊತ್ತಗೆಯೊಂದು ಹೊರಬಿದ್ದಿತು. ನೈಜ ಛಾಯಾಗ್ರಹಣದ ಮರಣ ಎಂಬುದೇ ಅದರ ಹೆಸರು. ಹರ್ಟರ್ ಮತ್ತು ಡ್ರಿಫೀಲ್ಡರ ಪ್ರಬಂಧ ಆತನನ್ನು ಕಲಕಿತ್ತು. ಸಂಸ್ಕರಣದ ಕೌಶಲದಿಂದ ಬೆಳಕು ನೆರಳುಗಳ ಸಂಬಂಧವನ್ನು ತನ್ನ ಇಚ್ಛೆಯಂತೆ ನಡಸಬಹುದೆಂದು ಆತನು ನಂಬಿದ್ದನು. ಆ ಸಂಬಂಧವು ರಸಾಯನದ ನಿಯಮಕ್ಕೆ ಕಟ್ಟುಬಿದ್ದದ್ದೆಂದು ತಿಳಿದಾಗ, ಕಲಾವಿದನ ಸ್ವಾತಂತ್ರ್ಯ ಅಲ್ಲಿಲ್ಲ, ಆದುದರಿಂದ ಛಾಯಾಗ್ರಹಣ ಕಲೆಯಲ್ಲ ಎಂದು ತೀರ್ಮಾನಿಸಿದನು. ೧೮೯೯ರ ಪರಿಷ್ಕೃತ ಆವೃತ್ತಿಯಲ್ಲಿಯೂ ಈ ತೀರ್ಮಾನವನ್ನೇ ಉಳಿಸಿಕೊಂಡನು. ಹೀಗಿದ್ದರೂ ಆತನು ಕ್ಯಾಮೆರಾವನ್ನು ಬಿಸುಡಲಿಲ್ಲ. ೧೮೯೫ರಲ್ಲಿ ಪ್ರಕಟವಾದ ‘ಮಾರ್ಷ್ ಲೀವ್ಸ್’ ಎಂಬ ಗ್ರಂಥದ ಹದಿನಾರು ಚಿತ್ರಗಳನ್ನು ಆತನ ಕೃತಿಗಳಲ್ಲೆಲ್ಲ ಶ್ರೇಷ್ಠವೆಂದು ಇಂದು ಹಲವರು ಎಣಿಸುತ್ತಾರೆ. ಹಿಮ, ಒಂಟಿ ಕೆರೆ, ಮಂಜಿನಲ್ಲಿ ಅರೆಮರೆಯಾದ ದಂಡೆ, ನಾಲ್ಕಾರು ಜೊಂಡಿನ ಗರಿಗಳು, ಉಳಿದದ್ದೆಲ್ಲ ಬೂದು. ಕಲೆಯೆಂಬ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ ಪ್ರಕಟಿಸಿದ ಚಿತ್ರಗಳೇ ಕಲೆಯೆಂದು ಉಳಿದುಬಂದುವು.

ಇತಿಹಾಸಕಾರನಿಗೆ ಇವುಗಳಿಂದ ದೊರೆಯುವುದೇನು? ಮೊದಲನೆಯದಾಗಿ, ಕೆಲಸದ ಋತುಮಾನ. ಛಾವಣಿಗೆ ಹೊದಿಸುವ ಜೊಂಡನ್ನು ನಾರ್ಫೋಕಿನಲ್ಲಿ ಕೊಯ್ಯುವುದು ಎಲೆ ಉದುರಿದ ಚಳಿಗಾಲದಲ್ಲಿ. ಬೇಸಗೆಯ ವಿಹಾರಿಗಳ ಚಿತ್ರಗಳನ್ನು ಮಾತ್ರ ನಂಬಿದರೆ ಆ ನಾಡು ಹಾಯಿದೋಣಿಗಳ ಕ್ರೀಡಾಭೂಮಿಯಂತೆ ತೋರುವುದು. ಎಮರ್ಸನನ ಜೊಂಡಿನ ಕೊಯ್ಲಿನ ಚಿತ್ರಗಳು ಅದು ದುಡಿಮೆಯ ನೆಲವೆಂಬುದನ್ನು ತೋರಿಸುತ್ತವೆ. ಎರಡನೆಯದಾಗಿ, ಆತನು ಸಾಮಾನ್ಯವೆಂದು ಹಿಡಿದ ವೆರಿಗಳು ಮುಂದೆ ರೈಲು ಮತ್ತು ಲಾರಿಗಳ ಪೈಪೋಟಿಯಿಂದ ಅಳಿದುವು. ಸರಕು ಸಾಗಿಸಿದ ವೆರಿಗಳಲ್ಲಿ ೧೮೯೮ರ ‘ಆಲ್ಬಿಯನ್’, ೧೮೯೯ರ ‘ಮಾಡ್’ ಎಂಬ ಎರಡು ಮಾತ್ರ ಇಂದು ನೀರಿನ ಮೇಲಿವೆ. ಅವನ್ನು ಕಾಪಾಡುವ ಪ್ರಯತ್ನ ೧೯೪೯ರಲ್ಲಿ ಸಂಘಟಿತವಾಗಿ ಆರಂಭವಾಯಿತು.

ಮಿತಿಗಳೂ ಉಂಟು. ಅನೇಕ ಚಿತ್ರಗಳಲ್ಲಿ ಜನರನ್ನು ಹೇಳಿ ನಿಲ್ಲಿಸಿ ತೆಗೆದದ್ದು ಸ್ಪಷ್ಟ. ಚಿತ್ರದ ಕೆಳಗೆ ಕಾವ್ಯಮಯವಾದ ಶೀರ್ಷಿಕೆಯಿರುತ್ತದೆ. ವ್ಯಕ್ತಿಯ ಹೆಸರಾಗಲಿ ದಿನಾಂಕವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಮಾತು. ಆ ಕೆರೆಗಳು ಪ್ರಕೃತಿನಿರ್ಮಿತವೆಂದೇ ಅಂದಿನವರು ತಿಳಿದಿದ್ದರು. ೧೯೫೦ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ವಿದುಷಿಯು ನೆಲವನ್ನು ಕೊರೆದು ಪರೀಕ್ಷಿಸಿ, ಅವುಗಳ ದಂಡೆಗಳು ನೆಟ್ಟಗೆ ಕಡಿದಂತಿರುವುದನ್ನು ತೋರಿಸಿ, ಅವು ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಮಣ್ಣನ್ನು ಅಗೆದ ಗುಂಡಿಗಳೆಂದು ಸ್ಥಾಪಿಸಿದರು. ಇತರ ವಿದ್ವಾಂಸರೊಡನೆ ಬರೆದ ಸಮಗ್ರ ವರದಿ ೧೯೬೦ರಲ್ಲಿ ಪ್ರಕಟವಾಯಿತು. ಎಮರ್ಸನನು ಕಾಡುಪ್ರಕೃತಿಯೆಂದು ಭಾವಿಸಿ ಹಿಡಿದದ್ದು ಮನುಷ್ಯನ ಕೈಕೆಲಸವೇ ಆಗಿತ್ತು. ಛಾಯಾಚಿತ್ರವು ಕಂಡದ್ದನ್ನು ಉಳಿಸುತ್ತದೆ. ಕಂಡದ್ದರ ಅರ್ಥವನ್ನು ಉಳಿಸುವ ಹೊಣೆ ಅದರದಲ್ಲ. ಇದನ್ನು ವಿದ್ಯಾರ್ಥಿಗಳು ಮರೆಯಬಾರದು.

೩. ಸಮೀಕ್ಷೆಯ ಚಳವಳಿ

ಎಮರ್ಸನನು ಕಲೆಯ ಪ್ರಶ್ನೆಯಲ್ಲಿ ತೊಳಲುತ್ತಿದ್ದಾಗಲೇ ಬೇರೊಂದು ಬಗೆಯ ಹವ್ಯಾಸಿಗಳು ಕಲೆಯ ಗೊಡವೆಯನ್ನು ಬದಿಗಿಟ್ಟು ದಾಖಲೆಯ ಕಡೆ ತಿರುಗಿದರು. ಬರ್ಮಿಂಗ್‌ಹ್ಯಾಮಿನ ಭೂವಿಜ್ಞಾನಿ ಜೆರೋಮ್ ಹ್ಯಾರಿಸನ್ ೧೮೮೯ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟನು: ಊರೂರಿನ ಹವ್ಯಾಸಿಗಳು ತಮ್ಮ ಪ್ರಾಂತದ ಕಟ್ಟಡ, ಬೀದಿ, ಆಚರಣೆ, ನೆಲದ ರೂಪಗಳನ್ನು ಕ್ರಮವಾಗಿ ಚಿತ್ರಿಸಿ ಸಾರ್ವಜನಿಕ ಗ್ರಂಥಾಲಯದಲ್ಲಿ ಇರಿಸಬೇಕು. ೧೮೯೦ರಲ್ಲಿ ವಾರಿಕ್‌ಷೈರಿನ ಸಮೀಕ್ಷೆ ಹೀಗೆ ಆರಂಭವಾಯಿತು. ೧೮೯೭ರಲ್ಲಿ ಪಾರ್ಲಿಮೆಂಟಿನ ಸದಸ್ಯ ಸರ್ ಬೆಂಜಮಿನ್ ಸ್ಟೋನ್ ರಾಷ್ಟ್ರೀಯ ಛಾಯಾಚಿತ್ರ ದಾಖಲೆಯ ಸಂಘವನ್ನು ಸ್ಥಾಪಿಸಿದನು. ಸಂಘವು ೧೯೧೦ರಲ್ಲಿ ಮುಚ್ಚುವವರೆಗೆ ಚಿತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸುತ್ತ ಬಂದಿತು. ಆ ಸಂಗ್ರಹವು ಅನಂತರ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮನ್ನು ಸೇರಿತು. ೧೯೧೬ರಲ್ಲಿ ಗೋವರ್, ಜಾಸ್ಟ್, ಟಾಪ್ಲಿ ಎಂಬ ಮೂವರು ‘ದಿ ಕ್ಯಾಮೆರಾ ಆ್ಯಸ್ ಹಿಸ್ಟೋರಿಯನ್’ ಎಂಬ ಕೈಪಿಡಿಯನ್ನು ಪ್ರಕಟಿಸಿ, ಇಂಥ ಚಿತ್ರಗಳನ್ನು ತೆಗೆಯುವ, ಬಾಳಿಕೆಯ ಕ್ರಮದಲ್ಲಿ ಮುದ್ರಿಸುವ, ವಿವರ ಬರೆದು ವರ್ಗೀಕರಿಸಿ ಇಡುವ ವಿಧಾನಗಳನ್ನು ವಿವರಿಸಿದರು. ಎಲಿಜಬೆತ್ ಎಡ್ವರ್ಡ್ಸ್ ಹಳೆಯ ಕಟ್ಟಡಗಳಿಂದ ಹಿಡಿದು ಹಳ್ಳಿಯ ಹಬ್ಬಗಳವರೆಗೆ ಹರಡಿದ ಈ ಸಮೀಕ್ಷೆಗಳ ಚರಿತ್ರೆಯನ್ನು ಅದೇ ಹೆಸರಿನ ತಮ್ಮ ಗ್ರಂಥದಲ್ಲಿ ೨೦೧೨ರಲ್ಲಿ ಬರೆದರು. ಸಾವಿರಕ್ಕೂ ಮೀರಿದ ಹವ್ಯಾಸಿಗಳು ಇವುಗಳಲ್ಲಿ ತೊಡಗಿದ್ದರೆಂಬುದು ಅದರಿಂದ ತಿಳಿಯುತ್ತದೆ.

ಎರಡು ಪಂಥಗಳ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಎಮರ್ಸನನಿಗೆ ಮಬ್ಬು ಬೇಕು, ಸಮೀಕ್ಷಕನಿಗೆ ಸ್ಪಷ್ಟತೆ ಬೇಕು. ಆತನಿಗೆ ಶೀರ್ಷಿಕೆ ಭಾವಸೂಚಕ, ಇವನಿಗೆ ಅದು ಸ್ಥಳ, ದಿಕ್ಕು, ದಿನಾಂಕಗಳ ಟಿಪ್ಪಣಿ. ಆದರೆ ಚಳಿಗಾಲದ ಕಡಲತೀರ ಇಬ್ಬರಿಗೂ ಸಮಾನವಾದ ಪರೀಕ್ಷೆಯನ್ನು ಒಡ್ಡಿತು. ಏಕೆಂದರೆ ಪೂರ್ವ ಕರಾವಳಿಯ ನೆಲವು ಚಳಿಗಾಲದಲ್ಲಿಯೇ ಹೆಚ್ಚಾಗಿ ಕಣ್ಮರೆಯಾಗುತ್ತದೆ.

೪. ಡನ್‌ವಿಚ್ಚಿನ ದೇವಾಲಯ

ಸಫೋಕಿನ ಡನ್‌ವಿಚ್ ಮಧ್ಯಯುಗದಲ್ಲಿ ದೊಡ್ಡ ಬಂದರು. ೧೨೮೬ ಮತ್ತು ೧೩೨೮ರ ಬಿರುಗಾಳಿಗಳು ಅದರ ಭಾಗ್ಯವನ್ನು ಮುರಿದುವು. ಮರಳು ಮತ್ತು ಜಲ್ಲಿಯ ಮೆತ್ತನೆಯ ಕಡಿದಾದ ದಂಡೆಯನ್ನು ಅಲೆಗಳು ಬುಡದಲ್ಲಿ ಕೊರೆಯುತ್ತವೆ. ಆಸರೆ ತಪ್ಪಿದ ಮೇಲ್ಭಾಗ ಕುಸಿಯುತ್ತದೆ. ಹೀಗೆ ಊರಿನ ಚರ್ಚುಗಳು ಒಂದೊಂದಾಗಿ ಕಡಲು ಸೇರಿದುವು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಪೂಜೆ ನಿಂತುಹೋದ ಆಲ್ ಸೇಂಟ್ಸ್ ಚರ್ಚು ಉಳಿದವುಗಳಲ್ಲಿ ಕಡೆಯದು. ೧೯೦೪ರಲ್ಲಿ ದಂಡೆಯ ಅಂಚು ಅದರ ಗೋಡೆಯನ್ನು ಮುಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಕಟ್ಟಡ ಭಾಗಭಾಗವಾಗಿ ಉರುಳಿತು. ೧೯೧೯ರಲ್ಲಿ ಗೋಪುರದ ಕಡೆಯ ಭಾಗವೂ ಬಿದ್ದಿತು. ಗೋಪುರದ ಆಸರೆಗಂಬವೊಂದನ್ನು ಮಾತ್ರ ಈಗಿನ ಸೇಂಟ್ ಜೇಮ್ಸ್ ಚರ್ಚಿನ ಆವರಣಕ್ಕೆ ಸಾಗಿಸಿ ಉಳಿಸಿಕೊಂಡರು.

ಈ ಹದಿನೈದು ವರ್ಷಗಳು ಕೈಯಲ್ಲಿ ಹಿಡಿಯುವ ಅಗ್ಗದ ಕ್ಯಾಮೆರಾಗಳ ಕಾಲವೂ ಹೌದು. ೧೯೦೦ರಲ್ಲಿ ಬಂದ ಕೊಡ್ಯಾಕ್ ಕಂಪನಿಯ ‘ಬ್ರೌನಿ’ ಕ್ಯಾಮೆರಾದ ಬೆಲೆ ಇಂಗ್ಲೆಂಡಿನಲ್ಲಿ ಐದು ಷಿಲಿಂಗ್. ಶ್ರೀಮಂತನ ಬಿಡುವಿನ ವ್ಯಸನವಾಗಿದ್ದದ್ದು ಗುಮಾಸ್ತನ ಕೈಗೂ ಶಾಲೆಯ ಹುಡುಗನ ಕೈಗೂ ಬಂದಿತು. ಹಾಗಾಗಿ ಆ ಚರ್ಚಿನ ಪತನವು ಒಬ್ಬರ ಒಂದೆರಡು ಚಿತ್ರಗಳಲ್ಲಲ್ಲದೆ ಹಲವು ಕೈಗಳ ಚಿತ್ರಗಳಲ್ಲಿ ಹಂತಹಂತವಾಗಿ ಉಳಿದಿದೆ. ಇವುಗಳಲ್ಲಿ ಹಲವು ಅಂಚೆಕಾರ್ಡುಗಳ ರೂಪದಲ್ಲಿ ಮಾರಾಟವಾದುವು. ವಿಳಾಸ ಮತ್ತು ಒಕ್ಕಣೆ ಎರಡನ್ನೂ ಒಂದೇ ಬದಿಯಲ್ಲಿ ಬರೆಯಲು ಬ್ರಿಟಿಷ್ ಅಂಚೆಯಿಲಾಖೆ ೧೯೦೨ರಲ್ಲಿ ಅನುಮತಿ ಕೊಟ್ಟಿದ್ದರಿಂದ ಇನ್ನೊಂದು ಬದಿ ಪೂರ್ಣವಾಗಿ ಚಿತ್ರಕ್ಕೆ ಮೀಸಲಾಗಿತ್ತು.

ಇಲ್ಲಿ ಆಕರವಿಮರ್ಶೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂಚೆಕಾರ್ಡಿನ ಮೇಲಿನ ಮುದ್ರೆಯು ಕಾರ್ಡು ರವಾನೆಯಾದ ದಿನವನ್ನು ಹೇಳುತ್ತದೆ, ಚಿತ್ರ ತೆಗೆದ ದಿನವನ್ನಲ್ಲ. ೧೯೧೦ರ ಮುದ್ರೆಯುಳ್ಳ ಕಾರ್ಡಿನಲ್ಲಿ ಗೋಡೆಯೊಂದು ನಿಂತಿದ್ದರೆ, ೧೯೧೦ರಲ್ಲಿ ಆ ಗೋಡೆ ನಿಂತಿತ್ತೆಂದು ಹೇಳಲಾಗದು. ಮಾರಾಟಗಾರನು ಹಳೆಯ ನೆಗೆಟಿವಿನಿಂದಲೇ ವರ್ಷಗಟ್ಟಲೆ ಕಾರ್ಡುಗಳನ್ನು ಮುದ್ರಿಸಿರಬಹುದು. ಗೋಡೆ ಬಿದ್ದಿರುವುದು ಕಾಣಿಸಿದರೆ ಮಾತ್ರ, ಆ ದಿನಕ್ಕೆ ಮುಂಚೆಯೇ ಅದು ಬಿದ್ದಿತ್ತೆಂದು ನಿಶ್ಚಯವಾಗಿ ಹೇಳಬಹುದು. ಅಂದರೆ ಇಲ್ಲಿ ಅಭಾವವು ಸದ್ಭಾವಕ್ಕಿಂತ ಬಲವಾದ ಪ್ರಮಾಣ. ಇದಕ್ಕೆ ಹೋಲಿಸಿದರೆ, ಹವ್ಯಾಸಿಯೊಬ್ಬನು ತನ್ನ ಆಲ್ಬಮ್ಮಿನಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದು ಅಂಟಿಸಿದ ಮಂಕಾದ ಚಿಕ್ಕ ಚಿತ್ರವು, ಅಂದವಾದ ಮುದ್ರಿತ ಕಾರ್ಡಿಗಿಂತ ಹೆಚ್ಚು ಬೆಲೆಯುಳ್ಳದ್ದು. ಸಮೀಕ್ಷೆಯ ಚಳವಳಿಯವರು ವಿವರ ಬರೆಯಲೇಬೇಕೆಂದು ಹಟ ಹಿಡಿದದ್ದರ ಔಚಿತ್ಯ ಇಲ್ಲಿ ವ್ಯಕ್ತವಾಗುತ್ತದೆ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳು ಹೊರಡುತ್ತವೆ. ಹವ್ಯಾಸಿಯ ಚಿತ್ರದ ಬೆಲೆ ಅವನು ಹವ್ಯಾಸಿಯಾಗಿದ್ದುದರಿಂದಲೇ ಬಂದದ್ದು. ಮಾರುವವನಿಗೆ ಬಿಸಿಲಿನ ದಿನವೂ ಸುಂದರವಾದ ಮೋಡವೂ ಬೇಕಾಗಿದ್ದುವು. ಯಾರೂ ಕೊಳ್ಳದ ಬೂದು ದಿನದಲ್ಲಿ ಹೊರಡಲು ಅವನಿಗೆ ಪ್ರೇರಣೆಯಿರಲಿಲ್ಲ. ಊರಿನಲ್ಲಿಯೇ ನೆಲೆಸಿದವನು, ಇಲ್ಲವೆ ಎಮರ್ಸನನಂತೆ ದೋಣಿಯಲ್ಲಿಯೇ ಚಳಿಗಾಲ ಕಳೆಯಲು ಮನಸ್ಸುಳ್ಳವನು ಮಾತ್ರ ಆ ದಿನಗಳನ್ನು ಹಿಡಿದನು. ಆದರೆ ಚಿತ್ರವು ಆಕರವಾಗಬೇಕಾದರೆ ಅದನ್ನು ಯಾವ ಪ್ಲೇಟಿನಿಂದ ತೆಗೆದರು, ಆಕಾಶ ಅದರದೇ ಹೌದೆ, ಜನರನ್ನು ನಿಲ್ಲಿಸಿದ್ದರೆ, ದಿನಾಂಕವನ್ನು ಯಾರು ಯಾವಾಗ ಬರೆದರು ಎಂಬ ಪ್ರಶ್ನೆಗಳನ್ನು ಕೇಳಲೇಬೇಕು. ಶಾಸನವನ್ನು ಓದುವವನು ಲಿಪಿಯನ್ನೂ ಕಲ್ಲನ್ನೂ ಪರೀಕ್ಷಿಸುವಂತೆ ಚಿತ್ರವನ್ನು ಓದುವವನು ಬೆಳಕನ್ನೂ ರಸಾಯನವನ್ನೂ ಪರೀಕ್ಷಿಸಬೇಕು.

ನಮ್ಮ ಕಾಲೇಜುಗಳಿಗೆ ಇದರಿಂದ ಒಂದು ಕಾರ್ಯವೂ ಒದಗುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಮಳೆಗಾಲದ ಕಡಲು ವರ್ಷವರ್ಷವೂ ದಂಡೆಯನ್ನು ಕೊರೆಯುತ್ತಿದೆ. ಉಳ್ಳಾಲದಂಥ ಊರುಗಳವರು ಇದನ್ನು ಬಲ್ಲರು. ಅಂಥ ಊರುಗಳ ಮನೆಗಳಲ್ಲಿ ಹಳೆಯ ಆಲ್ಬಮ್ಮುಗಳಿರುತ್ತವೆ. ಅವುಗಳಲ್ಲಿ ಮದುವೆಯ ಗುಂಪಿನ ಹಿಂದೆ ಒಂದು ತೆಂಗಿನ ಸಾಲು, ಒಂದು ಬಾವಿಕಟ್ಟೆ, ಒಂದು ಮರಳ ದಿಣ್ಣೆ ಸಿಕ್ಕಿಬಿದ್ದಿರುವುದು ಅಸಂಭವವಲ್ಲ. ಚಿತ್ರದ ಹಿಂದೆ ಊರು, ದಿಕ್ಕು, ವರ್ಷ ಇವನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವ ಕೆಲಸಕ್ಕೆ ದೊಡ್ಡ ವೆಚ್ಚವೇನೂ ಬೇಕಾಗಿಲ್ಲ. ಬಲ್ಲವರು ಇರುವಾಗಲೇ ಅದು ನಡೆಯಬೇಕು. ಹೆಸರು ದಿನಾಂಕಗಳು ಅಳಿದ ಮೇಲೆ ಚಿತ್ರ ಉಳಿದರೂ ಸಾಕ್ಷಿ ಉಳಿಯುವುದಿಲ್ಲ.